ನಾಲ್ಕರಿಂದ ಹತ್ತು ಸಾವಿರದ ಇಯರ್‌ಬಡ್ಸ್: ಮೊದಲು ನಿಮ್ಮ ಗದ್ದಲ ಯಾವುದು ಹೇಳಿ

"ಎಂಟು ಸಾವಿರ ಇಟ್ಟಿದ್ದೀನಿ, ಎಎನ್‌ಸಿ ಇರೋ ಇಯರ್‌ಬಡ್ಸ್ ಯಾವುದು ತಗೊಳ್ಳಲಿ?" ತಿಂಗಳಿಗೆ ಒಬ್ಬರಾದರೂ ಹೀಗೆ ಕೇಳುತ್ತಾರೆ. ಎಎನ್‌ಸಿ ಅಂದರೆ ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್, ಹೊರಗಿನ ಗದ್ದಲವನ್ನು ತಗ್ಗಿಸುವ ತಂತ್ರ. ಕೇಳುವ ಹೊತ್ತಿಗೆ ಅವರ ಫೋನಿನಲ್ಲಿ ಐದಾರು ಟ್ಯಾಬ್ ತೆರೆದಿರುತ್ತವೆ. ಒಂದರಲ್ಲಿ 45 ಡೆಸಿಬೆಲ್ ಸದ್ದು ಇಳಿಸುತ್ತೆ ಅಂತ ಇರುತ್ತದೆ, ಇನ್ನೊಂದರಲ್ಲಿ 49, ಮತ್ತೊಂದರಲ್ಲಿ 50. ನಂಬರ್ ಜಾಸ್ತಿ ಇರೋದೇ ಒಳ್ಳೇದು ಅಲ್ವಾ ಅನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಕಾಟ ಕೊಡುತ್ತಿರುವ ಸದ್ದು ಯಾವುದು?

ಇಲ್ಲಿ ಬಹಳ ಜನ ತಡವರಿಸುತ್ತಾರೆ. ಸದ್ದು ಅಂದರೆ ಸದ್ದು, ಅದರಲ್ಲೇನು ಜಾತಿ? ಇದೆ. ದುಡ್ಡು ಸಾರ್ಥಕವಾಗುತ್ತದೋ ಇಲ್ಲವೋ ಅನ್ನುವುದು ಅದರ ಮೇಲೇ ನಿಂತಿದೆ.

ಗುಂಯ್ ಮತ್ತು ಕಿರ್ರ್

ಎಎನ್‌ಸಿ ಕೆಲಸ ಮಾಡುವ ರೀತಿ ಸರಳ. ಬಡ್ ಮೇಲಿನ ಪುಟ್ಟ ಮೈಕ್ ಹೊರಗಿನ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಒಳಗಿನ ಚಿಪ್ ಅದಕ್ಕೆ ಸರಿಯಾಗಿ ಉಲ್ಟಾ ಅಲೆಯನ್ನು ತಯಾರಿಸುತ್ತದೆ. ಹೊರಗಿನ ಅಲೆ ಏರುವಾಗ ಇದು ಇಳಿಯುತ್ತದೆ, ಅದು ಇಳಿಯುವಾಗ ಇದು ಏರುತ್ತದೆ. ಎರಡೂ ಕಿವಿಯೊಳಗೆ ಸೇರಿ ಒಂದನ್ನೊಂದು ತಿಂದುಹಾಕುತ್ತವೆ. ಹೊಸ ಯೋಚನೆಯೇನಲ್ಲ. ಪೌಲ್ ಲುಯೆಗ್ ಎಂಬ ಜರ್ಮನ್ ವಿಜ್ಞಾನಿಗೆ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. 1978ರಲ್ಲಿ ಬೋಸ್ ಆಡಿಯೊ ಕಂಪನಿಯ ಸ್ಥಾಪಕ ಅಮರ್ ಬೋಸ್ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಬರುತ್ತಿದ್ದರು. ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದೇ ಜಾಸ್ತಿ ಕೇಳಿಸಿತು. ಬೇಸತ್ತು ಕೂತಲ್ಲೇ ಇದರ ಲೆಕ್ಕ ಹಾಕಲು ಶುರು ಮಾಡಿದರು. ಅವರ ಕಂಪನಿ ಪೈಲಟ್‌ಗಳಿಗೆ ಹೆಡ್‌ಸೆಟ್ ಮಾರಿದ್ದು 1989ರಲ್ಲಿ.

ಈ ಕತೆ ಯಾಕೆ ಹೇಳಿದೆ ಅಂದರೆ, ಈ ವಿದ್ಯೆ ಬೆಳೆದದ್ದೇ ಎಂಜಿನ್ನಿನ ಒಂದೇ ಸಮನೆ ಗುಂಯ್‌ಗುಡುವ ಸದ್ದಿನ ಮೇಲೆ. ಇವತ್ತಿಗೂ ಅದರ ಬಲ ಅಲ್ಲೇ ಇದೆ. ಸಿಲ್ಕ್ ಬೋರ್ಡಿನಿಂದ ಹೆಬ್ಬಾಳಕ್ಕೆ ಹೋಗುವ 500ಡಿ ಬಸ್ಸಿನ ಡೀಸೆಲ್ ಎಂಜಿನ್, ಮೆಟ್ರೋ ಸುರಂಗದ ಮೊರೆತ, ಆಫೀಸಿನ ಎಸಿ, ಅಪಾರ್ಟ್‌ಮೆಂಟಿನ ಜನರೇಟರ್, ರಾತ್ರಿ ಸ್ಲೀಪರ್ ಬಸ್ಸಿನ ಚಕ್ರದ ಸದ್ದು. ಬಡ್ಸ್ ಆನ್ ಮಾಡಿದ ಕ್ಷಣ ಇವೆಲ್ಲ ಯಾರೋ ಬಾಗಿಲು ಹಾಕಿದ ಹಾಗೆ ಹಿಂದೆ ಸರಿಯುತ್ತವೆ.

ಕುಕ್ಕರ್ ವಿಷಲ್ ಹಾಗಲ್ಲ. ಹಾರ್ನ್, ಮಗುವಿನ ಅಳು, ನಾಯಿಯ ಬೊಗಳು, ಪಕ್ಕದ ಮಂಚದ ರೂಮ್‌ಮೇಟ್‌ನ ಫೋನ್ ಮಾತು, ಇವೂ ಹಾಗಲ್ಲ. ಕಾರಣ ಅಲೆಯ ಉದ್ದ. 100 ಹರ್ಟ್ಜ್ (ಸೆಕೆಂಡಿಗೆ ನೂರು ಕಂಪನ) ಸದ್ದಿನ ಒಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. 3000 ಹರ್ಟ್ಜ್‌ನದು ಹನ್ನೊಂದು ಸೆಂಟಿಮೀಟರ್. ಉದ್ದದ ಅಲೆಗೆ ಉಲ್ಟಾ ಅಲೆ ಹೊಂದಿಸುವಾಗ ಚೂರು ಆಚೀಚೆಯಾದರೂ ನಡೆಯುತ್ತದೆ. ಚಿಕ್ಕ ಅಲೆಗೆ ಅಷ್ಟು ತಡವೇ ಸಾಕು, ಲೆಕ್ಕ ತಪ್ಪುತ್ತದೆ. ಹಾಗಾಗಿ ಸುಮಾರು 1000 ಹರ್ಟ್ಜ್ ದಾಟಿದ ಮೇಲೆ ಎಎನ್‌ಸಿ ಸೋಲುತ್ತಾ ಹೋಗುತ್ತದೆ. ಅಲ್ಲಿಂದ ಮೇಲಿನ ಸದ್ದನ್ನು ತಡೆಯುವುದು ಕಿವಿಯನ್ನು ಬಿಗಿಯಾಗಿ ಮುಚ್ಚುವ ರಬ್ಬರ್ ಟಿಪ್.

ರೂಮ್‌ಮೇಟ್‌ನ ಗೊರಕೆಗೋಸ್ಕರ ಎಂಟು ಸಾವಿರ ಖರ್ಚು ಮಾಡಲು ಹೊರಟವರಿಗೆ ನಾನು ಮೊದಲು ಮೆಡಿಕಲ್ ಶಾಪಿನ ಫೋಮ್ ಇಯರ್‌ಪ್ಲಗ್ ತಂದು ನೋಡಿ ಅನ್ನುತ್ತೇನೆ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಮಲಗುವಾಗ ಕಿವಿಗೆ ಗಟ್ಟಿ ಪ್ಲಾಸ್ಟಿಕ್ ಒತ್ತುವ ಕಾಟವೂ ಇಲ್ಲ.

50 ಡೆಸಿಬೆಲ್ ಅಂದರೆ ಎಷ್ಟು?

ಡಬ್ಬದ ಮೇಲಿನ ನಂಬರ್ "ಗರಿಷ್ಠ" ಲೆಕ್ಕ. ಪ್ರಯೋಗಾಲಯದಲ್ಲಿ, ಯಾವುದೋ ಒಂದು ಸ್ವರದ ಆಸುಪಾಸಿನಲ್ಲಿ, ಅತಿ ಹೆಚ್ಚು ಇಳಿದದ್ದು ಎಷ್ಟು ಅನ್ನುವ ಲೆಕ್ಕ. ಎಲ್ಲ ಸ್ವರಗಳಲ್ಲಿ ಸರಾಸರಿ ಎಷ್ಟು ಅಂತ ಅದು ಹೇಳುವುದಿಲ್ಲ. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದಂತೆ ಕೇಳುತ್ತದೆ. ಆ ಲೆಕ್ಕದಲ್ಲಿ 45ಕ್ಕೂ 50ಕ್ಕೂ ಒಂದಿಷ್ಟು ಅಂತರ ಇದೆ ಅನ್ನೋಣ. ಆದರೆ ಟಿಪ್ ಸರಿಯಾಗಿ ಕೂರದಿದ್ದರೆ ಕಳೆದುಕೊಳ್ಳುವುದು ಅದಕ್ಕಿಂತ ಜಾಸ್ತಿ.

ಅಂಗಡಿಯಿಂದ ಬಂದ ಬಡ್ಸ್‌ಗೆ ಮಧ್ಯಮ ಅಳತೆಯ ಟಿಪ್ ಹಾಕಿರುತ್ತಾರೆ. ಡಬ್ಬದಲ್ಲಿ ಇನ್ನೆರಡು ಅಳತೆ ಇರುತ್ತದೆ. ಮುಕ್ಕಾಲು ಪಾಲು ಜನ ಅದನ್ನು ತೆಗೆದೂ ನೋಡುವುದಿಲ್ಲ ಅನ್ನುವುದು ನನ್ನ ಅನುಮಾನ. ನನ್ನ ಬಲಗಿವಿಗೆ ಮಧ್ಯಮ, ಎಡಗಿವಿಗೆ ಸಣ್ಣದು. ಇದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಅಷ್ಟೂ ದಿನ ಎಡಗಡೆಯದರಲ್ಲೇ ಏನೋ ದೋಷ ಇದೆ ಅಂದುಕೊಂಡಿದ್ದೆ.

ಪರೀಕ್ಷೆ ಸುಲಭ. ಮೃದಂಗ ಇರುವ ಯಾವುದಾದರೂ ಕಛೇರಿ ಹಾಕಿ. ಎಡಮುಖದ ಗುಮ್ ಅನ್ನುವ ನಾದ ಕೇಳುತ್ತಾ ಬಡ್ಸ್ ಅನ್ನು ಬೆರಳಿನಿಂದ ಮೆತ್ತಗೆ ಒಳಕ್ಕೆ ಒತ್ತಿ. ಒತ್ತಿದಾಗ ಗುಮ್ ಜಾಸ್ತಿಯಾದರೆ ಎಲ್ಲೋ ಸಂದು ಇದೆ ಅಂತ ಅರ್ಥ. ಟಿಪ್ ಬದಲಿಸಿ. ಇನ್ನೊಂದು ಸಣ್ಣ ಮಾತು: ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಸಿಲಿಕೋನ್ ಟಿಪ್ ಜಾರುತ್ತದೆ. ಒರೆಸಿಕೊಂಡು ಹಾಕಿ.

ಉಳಿದ ಅಳತೆಗಳು

*ಕರೆ ಮತ್ತು ಮೀಟಿಂಗ್.* ಬಡ್ ಮೈಕ್ ಬಾಯಿಂದ ದೂರ ಇರುತ್ತದೆ. ಮನೆಯೊಳಗೆ ಎಲ್ಲವೂ ಪರವಾಗಿಲ್ಲ. ರಸ್ತೆಯ ಗಾಳಿಯಲ್ಲಿ ಎಲ್ಲವೂ ಸ್ವಲ್ಪ ಸೋಲುತ್ತವೆ. ಲ್ಯಾಪ್‌ಟಾಪಿಗೆ ಹಾಕಿ ಮೀಟಿಂಗ್ ಸೇರಿದ ತಕ್ಷಣ ಸದ್ದು ಹಳೆಯ ರೇಡಿಯೊದಂತೆ ಆಗುವುದನ್ನು ನೋಡಿರುತ್ತೀರಿ. ಬಡ್ಸ್ ಕೆಟ್ಟಿಲ್ಲ. ಮೈಕ್ ಆನ್ ಆದಾಗ ಬ್ಲೂಟೂತ್ ಕರೆಯ ಮೋಡ್‌ಗೆ ಇಳಿಯುತ್ತದೆ, ಅಲ್ಲಿ ಹಾಡಿನ ಗುಣಮಟ್ಟಕ್ಕೆ ಜಾಗ ಇರುವುದಿಲ್ಲ. ಲ್ಯಾಪ್‌ಟಾಪಿನದೇ ಮೈಕ್ ಆರಿಸಿಕೊಂಡರೆ ಸರಿಹೋಗುತ್ತದೆ.

*ಎರಡು ಸಾಧನಕ್ಕೆ ಒಟ್ಟಿಗೆ.* ಫೋನು, ಲ್ಯಾಪ್‌ಟಾಪು ಎರಡಕ್ಕೂ ಒಮ್ಮೆಲೇ ಕೂಡಿಕೊಂಡಿರುವ ಸೌಲಭ್ಯ. ಕೆಲಸಕ್ಕೆ ಬಳಸುವವರು ಇದನ್ನು ಬಿಡಬೇಡಿ.

*ಕೋಡೆಕ್.* ಹಾಡನ್ನು ಹಿಂಡಿ ಬ್ಲೂಟೂತ್‌ನಲ್ಲಿ ಕಳಿಸುವ ವಿಧಾನ. ಎಲ್‌ಡ್ಯಾಕ್, ಎಲ್‌ಎಚ್‌ಡಿಸಿ, ಎಎಸಿ ಮುಂತಾದ ಹೆಸರುಗಳು. ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಕಳಿಸಬಲ್ಲದು. ಕೇಳಲು ಚೆನ್ನ. ಆದರೆ ಐಫೋನಿನಲ್ಲಿ ಇವು ನಡೆಯುವುದಿಲ್ಲ, ಅಲ್ಲಿ ಎಎಸಿ ಮಾತ್ರ. ಆಂಡ್ರಾಯ್ಡ್‌ನಲ್ಲೂ ನೀವು ಕೇಳುವುದು ಯೂಟ್ಯೂಬಿನ ಹಾಡಾದರೆ ಮೂಲವೇ ಹಿಂಡಿದ್ದು. ಬಸ್ಸಿನಲ್ಲಂತೂ ವ್ಯತ್ಯಾಸ ಹುಡುಕುವುದು ಕಷ್ಟ. ಮೇಲಿಂದ ಬ್ಯಾಟರಿ ಬೇಗ ಇಳಿಯುತ್ತದೆ. ಸುಮ್ನೆ ಇದಕ್ಕೋಸ್ಕರ ಎರಡು ಸಾವಿರ ಜಾಸ್ತಿ ಕೊಡಬೇಡಿ.

*ಬ್ಯಾಟರಿ.* ಜಾಹೀರಾತಿನಲ್ಲಿ "40 ಗಂಟೆ" ಅಂತ ದಪ್ಪ ಅಕ್ಷರದಲ್ಲಿ ಇರುವುದು ಕೇಸ್ ಸೇರಿಸಿ, ಎಎನ್‌ಸಿ ಆಫ್ ಮಾಡಿ ಹಾಕಿದ ಲೆಕ್ಕ. ನೀವು ನೋಡಬೇಕಾದದ್ದು ಎಎನ್‌ಸಿ ಆನ್ ಇದ್ದಾಗ ಬಡ್ ಒಂದೇ ಎಷ್ಟು ಹೊತ್ತು ಬರುತ್ತದೆ ಅನ್ನುವುದನ್ನು. ಇನ್ನೊಂದು ವಿಷಯ, ಒಳಗಿನ ಸೆಲ್ ತೀರಾ ಪುಟ್ಟದು, ಬದಲಿಸಲು ಬರುವಂತೆ ಕಂಪನಿಗಳು ಮಾಡಿರುವುದಿಲ್ಲ. ಎರಡು ಮೂರು ವರ್ಷಕ್ಕೆ ಅದರ ದಮ್ಮು ಕಡಿಮೆಯಾಗುತ್ತದೆ. ಎಂಟು ಸಾವಿರದ ಜೋಡಿ ಮೂವತ್ತು ತಿಂಗಳು ಬಂದರೆ ತಿಂಗಳಿಗೆ ಸುಮಾರು 267 ರೂಪಾಯಿ. ನಾಲ್ಕೂಕಾಲು ಸಾವಿರದ್ದು ಅಷ್ಟೇ ಬಂದರೆ 142. ನಾನು ಬೆಲೆಯನ್ನು ಹೀಗೇ ಯೋಚಿಸುವುದು.

ನನ್ನ ಹಿಂದಿನ ಜೋಡಿ ಅಷ್ಟೂ ಬರಲಿಲ್ಲ. ಯಾವ ಕಂಪನಿ ಅಂತ ಬೇಡ ಬಿಡಿ. ಹದಿನಾಲ್ಕನೇ ತಿಂಗಳಿಗೆ ಎಡಗಡೆಯದು ಚಾರ್ಜ್ ಹಿಡಿಯುವುದನ್ನೇ ನಿಲ್ಲಿಸಿತು. ವಾರಂಟಿ ಇದ್ದದ್ದು ಹನ್ನೆರಡು ತಿಂಗಳು. ಒಂದು ಬಡ್ ಬದಲಿಸಲು ಕೇಳಿದ ದುಡ್ಡು ಹೊಸ ಜೋಡಿಯ ಅರ್ಧಕ್ಕಿಂತ ಜಾಸ್ತಿ. ಅಂದಿನಿಂದ ಕೊಳ್ಳುವ ಮೊದಲು ನಮ್ಮ ಊರಿನಲ್ಲಿ ಸರ್ವಿಸ್ ಸೆಂಟರ್ ಇದೆಯಾ ಅಂತ ನೋಡುತ್ತೇನೆ. ಬೆಂಗಳೂರಿನವರಿಗೆ ಇದು ದೊಡ್ಡ ವಿಷಯ ಅಲ್ಲ. ಚಿಕ್ಕ ಊರಿನಲ್ಲಿದ್ದು ಕೊರಿಯರ್ ಮಾಡಬೇಕಾದವರಿಗೆ ದೊಡ್ಡದೇ.

*ನೀರು, ಬೆವರು.* ಐಪಿ ಅನ್ನುವುದು ಧೂಳು, ನೀರು ತಡೆಯುವ ರೇಟಿಂಗ್. ಅದರ ನಂತರದ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಎಕ್ಸ್ ಅಂತ ಇದ್ದರೆ ಅದರ ರೇಟಿಂಗ್ ಕೊಟ್ಟಿಲ್ಲ ಅಂತ. ಮಳೆಗಾಲದ ಮಲೆನಾಡಿಗೆ, ಕರಾವಳಿಯ ಬೆವರಿಗೆ ನೀರಿನ ಅಂಕೆ ಕನಿಷ್ಠ ನಾಲ್ಕು ಬೇಕು.

ಈಗ ಮಾದರಿಗಳು

ಬೆಲೆಗಳೆಲ್ಲ ಬಿಡುಗಡೆಯಾದಾಗಿನವು. ದಸರಾ ದೀಪಾವಳಿ ಸೇಲ್ ಹೊತ್ತಿಗೆ ಇಳಿಯುತ್ತವೆ, ಹೊಸ ಮಾದರಿ ಬಂದಾಗ ಇನ್ನೂ ಇಳಿಯುತ್ತವೆ. ಒಂದು ವರ್ಷ ಹಳೆಯ ಮಾದರಿ ಎಂದರೆ ಮೂಗು ಮುರಿಯಬೇಡಿ.

ಸಿಎಂಎಫ್ ಬಡ್ಸ್ ಪ್ರೊ 2 ಬಂದದ್ದು 2024ರ ಜುಲೈನಲ್ಲಿ, 4,299 ರೂಪಾಯಿಗೆ. ನಥಿಂಗ್ ಕಂಪನಿಯ ಅಗ್ಗದ ಬ್ರ್ಯಾಂಡ್ ಇದು. 50 ಡೆಸಿಬೆಲ್ ಅನ್ನುವ ಹೇಳಿಕೆ, ಒಂದೊಂದು ಕಿವಿಗೆ ಎರಡೆರಡು ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಸ್ಪೀಕರ್), ಎಲ್‌ಡ್ಯಾಕ್, ಐಪಿ55, ಎರಡು ಸಾಧನ, ಎಎನ್‌ಸಿ ಹಾಕಿ ಆರೂವರೆ ಗಂಟೆ. ಕಾಗದದ ಮೇಲೆ ದುಪ್ಪಟ್ಟು ಬೆಲೆಯವನ್ನು ನಾಚಿಸುವಂತಿದೆ. ಕೇಸ್ ಮೇಲೆ ತಿರುಗಿಸುವ ಗುಂಡಿ ಬೇರೆ, ವಾಲ್ಯೂಮ್ ಅದರಲ್ಲೇ. ಆಟಿಕೆ ಅಂದುಕೊಂಡಿದ್ದೆ. ಆದರೆ ಮೇಜಿನ ಮೇಲೆ ಕೇಸ್ ಇಟ್ಟು ಕೆಲಸ ಮಾಡುವಾಗ ಕೈ ತಾನಾಗಿ ಅದಕ್ಕೆ ಹೋಗುತ್ತದೆ. ಬಾಸ್ ತುಸು ಜೋರು. ಸಿನಿಮಾ ಹಾಡಿಗೆ ಖುಷಿ, ವೀಣೆಗೆ ಅಷ್ಟಕ್ಕಷ್ಟೆ. ಆ್ಯಪ್‌ನಲ್ಲಿ ತಗ್ಗಿಸಿಕೊಳ್ಳಬಹುದು.

ವನ್‌ಪ್ಲಸ್ ಬಡ್ಸ್ 3, 2024ರ ಜನವರಿ, 5,499 ರೂಪಾಯಿ. 49 ಡೆಸಿಬೆಲ್ ಅನ್ನುವ ಹೇಳಿಕೆ, ಇಲ್ಲೂ ಎರಡು ಡ್ರೈವರ್, ಐಪಿ55, ಎಎನ್‌ಸಿ ಹಾಕಿ ಆರೂವರೆ ಗಂಟೆ. ಬಡ್ ಕಾಂಡದ ಮೇಲೆ ಬೆರಳು ಸರಿಸಿದರೆ ವಾಲ್ಯೂಮ್ ಬದಲಾಗುತ್ತದೆ. ಬಸ್ಸಿನಲ್ಲಿ ನಿಂತು ಒಂದು ಕೈಯಲ್ಲಿ ಕಂಬಿ ಹಿಡಿದವರಿಗೆ ಇದು ದೊಡ್ಡ ಉಪಕಾರ. ಇದರ ಉತ್ತಮ ಕೋಡೆಕ್ ಎಲ್‌ಎಚ್‌ಡಿಸಿ. ಅದು ವನ್‌ಪ್ಲಸ್, ಒಪ್ಪೊ ಬಳಗದ ಫೋನುಗಳಲ್ಲಿ ಸಿಗುತ್ತದೆ, ಎಲ್ಲ ಆಂಡ್ರಾಯ್ಡ್‌ನಲ್ಲಿ ಇಲ್ಲ. ಸ್ಯಾಮ್ಸಂಗ್ ಇದ್ದವರು ಇದನ್ನು ಕೊಂಡರೆ ಎಎಸಿಯಲ್ಲೇ ಕೇಳಬೇಕು. ಮೇಲೆ ಹೇಳಿದ ಹಾಗೆ, ಅದೇನು ಆಕಾಶ ಬಿದ್ದಂತಲ್ಲ.

ನಥಿಂಗ್ ಇಯರ್ ಎ, 2024ರ ಏಪ್ರಿಲ್, 7,999. ಹಳದಿ ಬಣ್ಣದ್ದು ನೋಡಿದರೆ ಅರಿಶಿನದ ಕೊಂಬು ನೆನಪಾಗುತ್ತದೆ. 45 ಡೆಸಿಬೆಲ್ ಅನ್ನುವ ಹೇಳಿಕೆ, ಎಲ್‌ಡ್ಯಾಕ್, ಐಪಿ54. ಕಾಂಡವನ್ನು ಚಿವುಟಿ ಹಾಡು ನಿಲ್ಲಿಸಬಹುದು, ಸುಮ್ಮನೆ ಕೈ ತಾಗಿದರೆ ಏನೂ ಆಗುವುದಿಲ್ಲ, ಇದು ನನಗೆ ಇಷ್ಟ. ಎಎನ್‌ಸಿ ಹಾಕಿ ಐದೂವರೆ ಗಂಟೆ ಮಾತ್ರ. ಈ ಬೆಲೆಗೆ ಕಡಿಮೆಯೇ. ತಮ್ಮನಂಥ ಸಿಎಂಎಫ್ ಇದಕ್ಕಿಂತ ಒಂದು ಗಂಟೆ ಜಾಸ್ತಿ ಕೊಡುತ್ತದೆ, ಅದೂ ಅರ್ಧದ ಆಸುಪಾಸಿನ ಬೆಲೆಗೆ. ಹಗುರ, ಅಂದ, ಚಿವುಟುವ ಸುಖ, ಇವಿಷ್ಟಕ್ಕೆ ಮೂರೂಮುಕ್ಕಾಲು ಸಾವಿರ ಜಾಸ್ತಿ ಕೊಡುತ್ತೀರಾ ಅನ್ನುವುದು ಪ್ರಶ್ನೆ. ಕೆಲವರು ಕೊಡುತ್ತಾರೆ. ದಿನಾ ಕಿವಿಯಲ್ಲಿ ಇರುವ ವಸ್ತು ಚೆಂದ ಇರಲಿ ಅನ್ನುವುದು ತಪ್ಪೇನಲ್ಲ.

ಸೋನಿ ಡಬ್ಲ್ಯುಎಫ್-ಸಿ700ಎನ್, 2023ರದ್ದು, 8,990. ಡೆಸಿಬೆಲ್ ನಂಬರ್ ಸೋನಿಯವರು ಬರೆಯುವುದೇ ಇಲ್ಲ. ಎಲ್‌ಡ್ಯಾಕ್ ಕಂಡುಹಿಡಿದ ಕಂಪನಿಯೇ ಇದಕ್ಕೆ ಎಲ್‌ಡ್ಯಾಕ್ ಕೊಟ್ಟಿಲ್ಲ ಅನ್ನುವುದು ತಮಾಷೆ. ಹಾಗಾದರೆ ಯಾಕೆ ಕೊಳ್ಳಬೇಕು? ಎರಡು ಕಾರಣ. ಒಂದೊಂದು ಬಡ್ 4.6 ಗ್ರಾಂ, ದುಂಡಗೆ, ಕಾಂಡ ಇಲ್ಲ, ಸಣ್ಣ ಕಿವಿಯವರಿಗೆ ಚೆನ್ನಾಗಿ ಕೂರುತ್ತದೆ. ನಮ್ಮ ಮನೆಯಲ್ಲಿ ಬೇರೆಲ್ಲ ಬಡ್ಸ್ ಜಾರುತ್ತವೆ ಅನ್ನುವ ತಂಗಿಯ ಕಿವಿಯಲ್ಲಿ ನಿಂತದ್ದು ಇದೊಂದೇ. ಎರಡನೆಯದು, ಎಎನ್‌ಸಿ ಹಾಕಿ ಏಳೂವರೆ ಗಂಟೆ. ಹುಬ್ಬಳ್ಳಿಗೆ ರಾತ್ರಿ ಬಸ್ ಹತ್ತಿ ಬೆಳಗ್ಗೆ ಇಳಿಯುವ ತನಕ ಬಹುಮಟ್ಟಿಗೆ ಸಾಕು. ಆದರೆ ಕೇಸಿನಲ್ಲಿ ಇನ್ನೊಂದು ಸಲಕ್ಕಾಗುವಷ್ಟೇ ಚಾರ್ಜ್, ಎಎನ್‌ಸಿ ಹಾಕಿದರೆ ಒಟ್ಟು 15 ಗಂಟೆ. ಚಾರ್ಜರ್ ಮರೆಯುವವರಿಗೆ ಆಗಿಬರದು. 2025ರಲ್ಲಿ ಬಂದ ಸಿ710ಎನ್‌ನಲ್ಲಿ ಈ ಕೊರತೆ ತುಂಬಿದ್ದಾರೆ, ಕಿವಿಗೆ ಎರಡೆರಡು ಮೈಕ್, ಎಂಟೂವರೆ ಗಂಟೆ, ಕೇಸ್ ಸೇರಿ 30. ಎರಡರ ನಡುವೆ ಸಾವಿರ ರೂಪಾಯಿಯೊಳಗಿನ ಅಂತರ ಕಂಡರೆ ಹೊಸದನ್ನೇ ಕೊಳ್ಳಿ.

ಸ್ಯಾಮ್ಸಂಗ್ ಗ್ಯಾಲಕ್ಸಿ ಬಡ್ಸ್ ಎಫ್‌ಇ, 2023, 9,999. ಕಿವಿಯ ಮಡಿಕೆಯಲ್ಲಿ ಸಿಕ್ಕಿಕೊಳ್ಳುವ ಪುಟ್ಟ ರೆಕ್ಕೆ ಇದೆ, ಓಡಿದರೂ ಬೀಳುವುದಿಲ್ಲ. ಆದರೆ ನೀರಿಗೆ ಐಪಿಎಕ್ಸ್2 ಅಷ್ಟೇ, ಅಂದರೆ ಓಡಿ ಬೆವರುವವರಿಗೆ ಅಂತ ಮಾಡಿದ್ದಲ್ಲ. ಏನು ವಿಚಿತ್ರ ನೋಡಿ. ಸಾಧನದಿಂದ ಸಾಧನಕ್ಕೆ ತಾನಾಗಿ ಹಾರುವ ಸೌಲಭ್ಯ ಸ್ಯಾಮ್ಸಂಗ್ ಮನೆಯೊಳಗೆ ಮಾತ್ರ. ಫೋನು, ಟ್ಯಾಬು ಎರಡೂ ಅವರದ್ದೇ ಇದ್ದು, ಸೇಲ್‌ನಲ್ಲಿ ಚೆನ್ನಾಗಿ ಇಳಿದಿದ್ದರೆ ಮಾತ್ರ ಯೋಚಿಸಿ.

ಐಫೋನ್ ಇರುವವರು ಏರ್‌ಪಾಡ್ಸ್ 4 ಬಗ್ಗೆ ಕೇಳಿಯೇ ಕೇಳುತ್ತಾರೆ. ಎಎನ್‌ಸಿ ಇರುವ ಮಾದರಿ 17,900ಕ್ಕೆ ಬಂದದ್ದು, ನಮ್ಮ ಬಜೆಟ್ ದಾಟಿತು. ಅದಕ್ಕೆ ರಬ್ಬರ್ ಟಿಪ್ ಇಲ್ಲ. ಗುಂಯ್ ಸದ್ದನ್ನು ಚೆನ್ನಾಗಿ ಇಳಿಸುತ್ತದೆ, ಕಿರ್ರ್ ಸದ್ದು ಸಂದಿನಲ್ಲಿ ಒಳಗೆ ಬರುತ್ತದೆ. ಟಿಪ್ ಹಾಕಿದರೆ ಕಿವಿ ನೋವು ಬರುವವರಿಗೆ ಒಳ್ಳೆಯ ದಾರಿ. ಬೇರೆಯವರು ಅರ್ಧ ಬೆಲೆಗೆ ಮೇಲಿನ ಯಾವುದಾದರೂ ಒಂದನ್ನು ಎಎಸಿಯಲ್ಲಿ ಕೇಳಿಕೊಂಡು ಆರಾಮಾಗಿರಬಹುದು.

ಯಾರಿಗೆ ಯಾವುದು

ಪಿಜಿಯಲ್ಲೋ ಹಾಸ್ಟೆಲಿನಲ್ಲೋ ಇದ್ದು ಓದುವವರು, ಮೊದಲ ಸಂಬಳದವರು ಸಿಎಂಎಫ್ ಬಿಟ್ಟು ಆಚೆ ನೋಡುವ ಅಗತ್ಯ ನನಗೆ ಕಾಣುವುದಿಲ್ಲ. ಕಳೆದುಹೋದರೂ ಹೊಟ್ಟೆ ಉರಿಯುವುದು ಕಡಿಮೆ, ಅದೂ ಒಂದು ಲೆಕ್ಕ.

ದಿನಾ ಎರಡು ಗಂಟೆ ಬಸ್ಸು ಮೆಟ್ರೋ ಅಂತ ಓಡಾಡುವವರಿಗೆ ವನ್‌ಪ್ಲಸ್. ಇವರಿಗೆ ಹೊರಗಿನ ಸದ್ದನ್ನು ಒಳಗೆ ಬಿಡುವ ಮೋಡ್ ಕೂಡ ಬೇಕು, ಮೇಲಿನ ಎಲ್ಲದರಲ್ಲೂ ಇದೆ. ಅದನ್ನು ಹಾಕುವ ಅಭ್ಯಾಸ ಮಾಡಿಕೊಳ್ಳಿ. ಕಂಡಕ್ಟರ್ ಮೂರು ಸಲ "ಟಿಕೆಟ್" ಅಂದು ನಾಲ್ಕನೇ ಸಲ ಭುಜ ತಟ್ಟಿದಾಗ ಇಡೀ ಬಸ್ಸು ನನ್ನತ್ತ ನೋಡಿದ್ದು ಇನ್ನೂ ನೆನಪಿದೆ.

ಸಣ್ಣ ಕಿವಿಯವರು, ದೂರದ ರಾತ್ರಿ ಪ್ರಯಾಣದವರು ಸೋನಿ ನೋಡಿ. ದಿನವಿಡೀ ಮೀಟಿಂಗ್ ಇರುವವರಿಗೆ ನನ್ನ ಸಲಹೆ ಕೇಳಿ ಬೇಸರವಾಗಬಹುದು. ಈ ಬೆಲೆಗೆ ಕಿವಿ ಮೇಲೆ ಕೂರುವ ದೊಡ್ಡ ಎಎನ್‌ಸಿ ಹೆಡ್‌ಫೋನ್ ಸಿಗುತ್ತದೆ, ಅದರ ಬ್ಯಾಟರಿ ಮಧ್ಯಾಹ್ನ ಕೈಕೊಡುವುದಿಲ್ಲ. ಬಡ್ಸೇ ಬೇಕೆಂದರೆ ಎರಡು ಸಾಧನದ ಸೌಲಭ್ಯ ಇರುವುದನ್ನು ಕೊಂಡು, ಊಟದ ಹೊತ್ತಿಗೆ ಕೇಸಿಗೆ ಹಾಕಿ.

ಬೈಕಿನವರಿಗೆ ಯಾವುದೂ ಬೇಡ. ಹೆಲ್ಮೆಟ್ ಒಳಗಿನ ಗಾಳಿ ಮೈಕಿಗೆ ಬಡಿದು ಎಎನ್‌ಸಿ ಗೊಂದಲಕ್ಕೆ ಬೀಳುತ್ತದೆ. ಹಿಂದಿನ ಲಾರಿಯ ಹಾರ್ನ್ ಕೇಳದಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ತಂದ ದಿನ

ವಾಪಸ್ ಮಾಡುವ ಅವಧಿ ಇರುವಲ್ಲೇ ಕೊಳ್ಳಿ. ಕೆಲವು ಕಡೆ ಕಿವಿಗೆ ಹಾಕುವ ವಸ್ತು ಅಂತ ಬದಲಿ ಮಾತ್ರ ಕೊಡುತ್ತಾರೆ, ವಾಪಸ್ ಇರುವುದಿಲ್ಲ, ಮೊದಲೇ ಓದಿಕೊಳ್ಳಿ. ಮನೆಗೆ ತಂದ ಮೇಲೆ ಮೂರೂ ಅಳತೆಯ ಟಿಪ್ ಹಾಕಿ ಮೃದಂಗದ ಪರೀಕ್ಷೆ ಮಾಡಿ. ಆಮೇಲೆ ಹಾಡು ನಿಲ್ಲಿಸಿ, ಎಎನ್‌ಸಿ ಮಾತ್ರ ಹಾಕಿ ಹತ್ತು ನಿಮಿಷ ಕೂತಿರಿ. ಕೆಲವರಿಗೆ ಘಾಟಿ ಹತ್ತುವಾಗ ಕಿವಿ ಕಟ್ಟಿದಂತೆ ಒತ್ತಡ ಅನಿಸುತ್ತದೆ. ಎರಡು ದಿನದಲ್ಲಿ ಹೋಗದಿದ್ದರೆ ಎಎನ್‌ಸಿಯ ತೀವ್ರತೆ ಇಳಿಸಿ ನೋಡಿ, ಆಗಲೂ ಹೋಗದಿದ್ದರೆ ಹಿಂದಿರುಗಿಸಿ.

ಕೊನೆಗೆ ನಿಮ್ಮ ಮಾಮೂಲಿ ಬಸ್ ಹತ್ತಿ. ಎಎನ್‌ಸಿ ಇಲ್ಲದೆ ಹಾಡು ಸ್ಪಷ್ಟವಾಗಿ ಕೇಳಲು ವಾಲ್ಯೂಮ್ ಎಷ್ಟು ಗೆರೆ ಬೇಕು ಅಂತ ನೋಡಿ. ಈಗ ಎಎನ್‌ಸಿ ಹಾಕಿ ಅದೇ ಹಾಡನ್ನು ಎಷ್ಟು ಗೆರೆಗೆ ಇಳಿಸಬಹುದು ನೋಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಬಸ್ಸಿನ ಗದ್ದಲದ ಮೇಲೆ ಹಾಡು ಕೇಳಿಸಿಕೊಳ್ಳಲು ಹೊರಟರೆ ಅದನ್ನು ದಾಟುವುದು ಕಷ್ಟವೇ ಅಲ್ಲ. ನನ್ನ ಫೋನಿನಲ್ಲಿ ಹನ್ನೆರಡು ಗೆರೆ ಇದ್ದದ್ದು ಏಳಕ್ಕೆ ಬಂತು. ನಿಮ್ಮದರಲ್ಲಿ ಒಂದೋ ಎರಡೋ ಗೆರೆ ಮಾತ್ರ ಇಳಿದರೆ ಟಿಪ್ ಇನ್ನೊಮ್ಮೆ ಬದಲಿಸಿ. ಆಗಲೂ ಇಳಿಯದಿದ್ದರೆ ಆ ಜೋಡಿ ನಿಮ್ಮ ಕಿವಿಗೆ ಹೇಳಿದ್ದಲ್ಲ, ಅವಧಿ ಮುಗಿಯುವ ಮೊದಲು ಕೊಟ್ಟುಬಿಡಿ.